ಸಿಬಿಲ್ ಅಂಕ ಕಡಿಮೆ ಇದ್ದವರು ಸಾಲಕ್ಕೆ ಅರ್ಜಿ ಹಾಕುವ ಮೊದಲು ತಿಳಿಯಬೇಕಾದದ್ದು

ನಮ್ಮ ಧಾರವಾಡ ಜಿಲ್ಲೆಯ ಪೇಟೆಗಳಲ್ಲಿ ‘ಪತ್ತು’ ಎಂಬ ಮಾತು ಬಹಳ ಹಳೆಯದು. ಊರ ಸೊಸೈಟಿಯ ಬೋರ್ಡಿನ ಮೇಲೆ ‘ಕೃಷಿ ಪತ್ತಿನ ಸಹಕಾರಿ ಸಂಘ’ ಎಂದು ಬರೆದಿರುವುದೂ ಅದೇ ಮಾತು. ಯಾರಿಗೆ ಎಷ್ಟು ಮಾಲು ಉದ್ರಿ ಕೊಡಬಹುದು, ರಾಶಿ ಆದ ಮೇಲೆ ಯಾರು ತಾವಾಗಿಯೇ ಬಂದು ಚುಕ್ತಾ ಮಾಡುತ್ತಾರೆ, ಯಾರ ಮನೆಗೆ ನಾಲ್ಕು ಸಲ ಹೋಗಬೇಕಾಗುತ್ತದೆ ಎಂಬುದೆಲ್ಲ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ ಬಾಯಿಪಾಠವಾಗಿರುತ್ತಿತ್ತು. ಈಗ ಬ್ಯಾಂಕಿನವರು ಆ ಲೆಕ್ಕವನ್ನು ಬಾಯಿಂದ ಕೇಳುವುದಿಲ್ಲ, ಕಂಪ್ಯೂಟರಿನಲ್ಲಿ ನೋಡುತ್ತಾರೆ. ಮ್ಯಾನೇಜರ ಸಾಹೇಬರಿಗೆ ನಿಮ್ಮ ಮನೆತನ ಗೊತ್ತಿರಬಹುದು, ನಿಮ್ಮ ಎರಿ ಹೊಲದ ಬೆಳೆ ಕಣ್ಣಾರೆ ಕಂಡಿರಬಹುದು. ಆದರೂ ಪ್ಯಾನ್ ನಂಬರು ಹಾಕಿದ ಕೂಡಲೇ ಪರದೆಯ ಮೇಲೆ 610 ಎಂದು ಬಂದರೆ ಅವರ ಕೈ ಕಟ್ಟಿದಂತೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ನಮ್ಮ ಸಮಾಜದ ಕೃಷಿಕರೂ ಸಣ್ಣ ವ್ಯಾಪಾರಸ್ಥರೂ ಇದೇ ವಿಷಯವನ್ನು ಮತ್ತೆ ಮತ್ತೆ ಕೇಳುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸಿಬಿಲ್ ಎಂದರೇನು

ಸಿಬಿಲ್ ಸರ್ಕಾರದ ಇಲಾಖೆಯಲ್ಲ, ಬ್ಯಾಂಕೂ ಅಲ್ಲ. ಅದು 2000ದಲ್ಲಿ ಆರಂಭವಾದ ಒಂದು ಕಂಪನಿ. ಈಗ ಅದರ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದೇ ಕೆಲಸ ಮಾಡುವ ಇನ್ನೂ ಮೂರು ಕಂಪನಿಗಳಿವೆ: ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಇವೆಲ್ಲ 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಕೆಳಗೆ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಪಡೆದು ನಡೆಯುತ್ತವೆ. ನಾವು ರೂಢಿಯಲ್ಲಿ ಎಲ್ಲವನ್ನೂ ‘ಸಿಬಿಲ್’ ಎಂದೇ ಕರೆಯುತ್ತೇವೆ.

ಅಂಕ 300ರಿಂದ 900ರವರೆಗೆ ಇರುತ್ತದೆ. 750ರ ಮೇಲೆ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 700ರ ಕೆಳಗೆ ಇಳಿದರೆ ಪ್ರಶ್ನೆಗಳು ಶುರುವಾಗುತ್ತವೆ. ಇಷ್ಟೇ ಇರಬೇಕು ಎಂದು ಕಾನೂನಿನಲ್ಲಿ ಗೆರೆ ಹಾಕಿಲ್ಲ, ಪ್ರತಿ ಬ್ಯಾಂಕು ತನ್ನ ನಿಯಮ ತಾನೇ ಮಾಡಿಕೊಂಡಿದೆ. ಹೀಗಾಗಿ ಒಂದು ಬ್ಯಾಂಕಿನವರು ಬೇಡ ಎಂದರೆ ಎಲ್ಲರೂ ಬೇಡ ಎನ್ನುತ್ತಾರೆಂದು ತಿಳಿಯಬೇಕಿಲ್ಲ. ಹಾಗೆಂದು ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಲೂ ಬಾರದು. ನೀವು ಅರ್ಜಿ ಕೊಟ್ಟಾಗಲೆಲ್ಲ ಬ್ಯಾಂಕಿನವರು ವರದಿ ತೆಗೆಸಿದ ಗುರುತು ಅದರಲ್ಲಿ ಉಳಿಯುತ್ತದೆ. ಮೇಲಿಂದ ಮೇಲೆ ಗುರುತು ಬಿದ್ದರೆ ಇವರಿಗೆ ಹಣದ ಬಹಳ ಅಡಚಣಿ ಇದೆ ಎಂದು ಲೆಕ್ಕ ಹಿಡಿದು ಅಂಕ ಇಳಿಸುತ್ತಾರೆ. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಮಾತ್ರ ಅಂಕ ಇಳಿಯುವುದಿಲ್ಲ. ಈ ಭಯದಿಂದಲೇ ವರದಿ ನೋಡದೆ ಕುಳಿತವರು ನಮ್ಮಲ್ಲಿ ಬಹಳ ಜನ.

ಮೊದಲು ವರದಿ ತೆಗೆಯಿರಿ

ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಅಂಕದ ಸಮೇತ ಬಿಟ್ಟಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಇದು 2017ರಿಂದ ಜಾರಿಯಲ್ಲಿದೆ. ಕಂಪನಿಯ ವೆಬ್‌ಸೈಟಿನಲ್ಲಿ ಹಣ ಕೊಟ್ಟು ತೆಗೆದುಕೊಳ್ಳುವ ಪ್ಲಾನ್‌ಗಳು ದೊಡ್ಡದಾಗಿ ಕಾಣುತ್ತವೆ, ಉಚಿತ ವರದಿಯ ಕೊಂಡಿ ಹುಡುಕಬೇಕಾಗುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ. ಪ್ಯಾನ್ ಕಾರ್ಡು, ಜನ್ಮದಿನಾಂಕ, ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರು ಬೇಕು. ಹಳೆಯ ಸಿಮ್ ಬಂದ್ ಆಗಿದ್ದರೆ ಒಟಿಪಿ ಬರುವುದಿಲ್ಲ. ಆದ್ದರಿಂದ ಮೊದಲು ಬ್ಯಾಂಕಿಗೆ ಹೋಗಿ ಈಗಿನ ನಂಬರು ಹಚ್ಚಿಸಿಕೊಳ್ಳಿ.

ವರದಿ ಕೈಗೆ ಬಂದ ಮೇಲೆ ಅಂಕವನ್ನು ನೋಡಿ ಮುಚ್ಚಿಡಬೇಡಿ. ಅಂಕ ಒಂದು ಮೊತ್ತ ಇದ್ದಂತೆ, ಕಿರ್ದಿಯ ಬಾಬುಗಳು ಒಳಗಿನ ಪುಟಗಳಲ್ಲಿರುತ್ತವೆ. ಪ್ರತಿ ಸಾಲಕ್ಕೂ ಒಂದು ಪಟ್ಟಿ ಇದ್ದು ಅದರಲ್ಲಿ ಕಳೆದ 36 ತಿಂಗಳ ಚೌಕಗಳಿರುತ್ತವೆ. ಚೌಕದಲ್ಲಿ ಸೊನ್ನೆ ಅಥವಾ ‘ಎಸ್‌ಟಿಡಿ’ ಎಂದಿದ್ದರೆ ಕಂತು ಸರಿಯಾಗಿ ಬಂದಿದೆ ಎಂದರ್ಥ. 30, 60, 90 ಎಂಬ ಅಂಕೆಗಳಿದ್ದರೆ ಅಷ್ಟು ದಿನ ತಡವಾಗಿದೆ. ‘ಎಸ್‌ಯುಬಿ’, ‘ಡಿಬಿಟಿ’, ‘ಎಲ್‌ಎಸ್‌ಎಸ್’ ಎಂದಿದ್ದರೆ ಸಾಲ ಕಟಬಾಕಿ ಆಗಿದೆ. ‘ಎಕ್ಸ್‌ಎಕ್ಸ್‌ಎಕ್ಸ್’ ಎಂದಿದ್ದರೆ ಹೆದರಬೇಕಿಲ್ಲ, ಆ ತಿಂಗಳು ಬ್ಯಾಂಕಿನವರು ಮಾಹಿತಿ ಕಳಿಸಿಲ್ಲ ಅಷ್ಟೇ.

ಇಲ್ಲಿ ನಮ್ಮ ಭಾಗದವರಿಗೆ ಒಂದು ಗೊಂದಲ ಆಗುತ್ತದೆ. ‘ನಾನು ಈ ಬ್ಯಾಂಕಿನಲ್ಲಿ ಸಾಲವನ್ನೇ ತೆಗೆದಿಲ್ಲ’ ಎನ್ನುತ್ತಾರೆ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ನಮ್ಮ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕು ಆಗಿದೆ. ಹಳೆಯ ಸಾಲ ಹೊಸ ಹೆಸರಿನಲ್ಲಿ ಕಾಣುತ್ತದೆ. ಖಾತೆ ನಂಬರು, ಸಾಲ ತೆಗೆದ ತಾರೀಖು ಹೊಂದಿಸಿ ನೋಡಿದರೆ ತಿಳಿಯುತ್ತದೆ.

ಅಂಕ ಬೀಳುವುದು ಎಲ್ಲಿ

ನಮ್ಮ ಹಳ್ಳಿಗಳಲ್ಲಿ ಅಂಕ ಕೆಡಲು ಮೊದಲ ಕಾರಣವೆಂದು ನಾನು ಎಣಿಸುವುದು ಜಾಮೀನು. ಅಣ್ಣತಮ್ಮಂದಿರು, ಬೀಗರು, ಓಣಿಯವರು ಬಂದು ಕೇಳಿದಾಗ ಒಲ್ಲೆ ಎನ್ನಲು ಬಾಯಿ ಬರುವುದಿಲ್ಲ. ‘ಬರೀ ಸಹಿ, ಏನೂ ಆಗುವುದಿಲ್ಲ’ ಎನ್ನುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮು ನೋಡಿದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಬ್ಯಾಂಕು ಮಾಹಿತಿ ಕಳಿಸುವಾಗ ಆ ಸಾಲ ನಿಮ್ಮ ವರದಿಯಲ್ಲಿಯೂ ‘ಜಾಮೀನುದಾರ’ ಎಂಬ ಹೆಸರಿನಲ್ಲಿ ಬಂದು ಕೂರುತ್ತದೆ. ಅವರು ಟ್ರ್ಯಾಕ್ಟರ್ ಸಾಲದ ಕಂತು ಬಿಟ್ಟರೆ ನಿಮಗೆ ಯಾರೂ ಹೇಳದೆಯೇ ನಿಮ್ಮ ಅಂಕ ಇಳಿದಿರುತ್ತದೆ. ಮೂರು ವರ್ಷದ ನಂತರ ಮಗನ ಅಂಗಡಿಗೆ ಸಾಲ ಕೇಳಲು ಹೋದಾಗ ಗೊತ್ತಾಗುತ್ತದೆ.

ಜಾಮೀನು ಹಾಕಲೇಬಾರದು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಊರಲ್ಲಿ ಬಾಳುವೆ ನಡೆಯುವುದಿಲ್ಲ. ಆದರೆ ಹಾಕಿದವರು ವರ್ಷಕ್ಕೊಮ್ಮೆ ಆ ಸಾಲದ ಸ್ಟೇಟ್‌ಮೆಂಟ್ ಕೇಳಿ ನೋಡಬೇಕು. ಬಾಕಿ ಸಣ್ಣದಿದ್ದಾಗಲೇ ಹಿರಿಯರನ್ನು ಕೂಡಿಸಿ ತುಂಬಿಸಬೇಕು. ಹೆಸರು ತೆಗೆಸಬೇಕಾದರೆ ಸಾಲಗಾರ ಬೇರೆ ಜಾಮೀನುದಾರರನ್ನು ತಂದು ಕೊಟ್ಟು, ಬ್ಯಾಂಕು ಒಪ್ಪಿ, ಲಿಖಿತದಲ್ಲಿ ಬಿಡುಗಡೆ ಕೊಡಬೇಕು. ‘ನಾನು ಇನ್ನು ಜಾಮೀನು ಇಲ್ಲ’ ಎಂದು ನೀವೇ ಪತ್ರ ಬರೆದು ಕೊಟ್ಟರೆ ಈಗಾಗಲೇ ಕೊಟ್ಟ ಸಾಲದ ಹೊಣೆ ಹೋಗುವುದಿಲ್ಲ.

ಎರಡನೆಯದು ಬೆಳೆಸಾಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ 3 ಲಕ್ಷದವರೆಗೆ ಶೇ 7ರ ಬಡ್ಡಿಗೆ ಸಿಗುತ್ತದೆ. ವಾಯಿದೆಯೊಳಗೆ ತುಂಬಿದರೆ ಶೇ 3 ರಿಯಾಯಿತಿ ಸಿಕ್ಕು ಶೇ 4 ಮಾತ್ರ ಬೀಳುತ್ತದೆ. ಪೂರ್ತಿ 3 ಲಕ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 21,000 ಎಲ್ಲಿ, 12,000 ಎಲ್ಲಿ. ಸೊಸೈಟಿಯ ಮೂಲಕವಾದರೆ ನಮ್ಮ ರಾಜ್ಯದಲ್ಲಿ 5 ಲಕ್ಷದವರೆಗೆ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ, ಅದಕ್ಕೂ ವಾಯಿದೆಯ ಷರತ್ತೇ ಮುಖ್ಯ. ಅಲ್ಪಾವಧಿ ಬೆಳೆಗಳಿಗೆ ವಾಯಿದೆ ಮೀರಿ ಎರಡು ಹಂಗಾಮು ಕಳೆದರೆ ಖಾತೆ ಎನ್‌ಪಿಎ ಆಗುತ್ತದೆ. ಹೆಸರು ಹೋಯಿತು, ಕಡಲೆ ಬರಲಿ ಎಂದು ಕಾಯುವವರು ಈ ಎರಡನೇ ಹಂಗಾಮಿನ ಗೆರೆ ನೆನಪಿಡಬೇಕು.

ಮತ್ತು ಮನ್ನಾ. 2008ರಲ್ಲಿ ಕೇಂದ್ರ ಸರ್ಕಾರ, 2017 ಮತ್ತು 2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಮಾಡಿದವು. ಬಹಳ ರೈತರಿಗೆ ಅದರಿಂದ ಅನುಕೂಲ ಆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಮನ್ನಾಕ್ಕೂ ಒಂದು ತಾರೀಖು, ಒಂದು ಮಿತಿ ಇತ್ತು. 2017ರಲ್ಲಿ ಸಹಕಾರಿ ಸಾಲಕ್ಕೆ 50,000 ರೂಪಾಯಿ, 2018ರಲ್ಲಿ ವಾಣಿಜ್ಯ ಬ್ಯಾಂಕುಗಳ ಬೆಳೆಸಾಲಕ್ಕೆ 2 ಲಕ್ಷ. ಮುಂದಿನ ಚುನಾವಣೆಗೆ ಮತ್ತೆ ಮನ್ನಾ ಆಗುತ್ತದೆಂದು ತುಂಬುವ ಶಕ್ತಿ ಇದ್ದವರೂ ತುಂಬದೆ ಕುಳಿತರೆ, ಮನ್ನಾ ಬಂದರೂ ಬರದಿದ್ದರೂ ಆ ನಡುವಿನ ತಿಂಗಳುಗಳ ಚೌಕ ವರದಿಯಲ್ಲಿ ಕೆಂಪಾಗುವುದು ಖಚಿತ. ಮನ್ನಾದಲ್ಲಿ ಸಾಲ ತೀರಿದವರು ಕೂಡ ಎರಡು ಕಡೆ ಪರೀಕ್ಷೆ ಮಾಡಬೇಕು: ಉತಾರದ 11ನೇ ಕಾಲಮಿನಲ್ಲಿ ಬ್ಯಾಂಕಿನ ಬೋಜಾ ಕಡಿಮೆಯಾಗಿದೆಯೇ, ಸಿಬಿಲ್ ವರದಿಯಲ್ಲಿ ಆ ಖಾತೆ ‘ಕ್ಲೋಸ್ಡ್’ ಎಂದಿದೆಯೇ. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ತಾನಾಗಿ ಹೋಗುವುದಿಲ್ಲ.

ಬರ ಬಿದ್ದ ವರ್ಷ ಕಂತು ಬಿಡುವುದಕ್ಕಿಂತ ಒಳ್ಳೆಯ ದಾರಿ ಇದೆ. ಸರ್ಕಾರ ತಾಲ್ಲೂಕನ್ನು ಬರಪೀಡಿತ ಎಂದು ಘೋಷಿಸಿದಾಗ ಬೆಳೆಸಾಲವನ್ನು ಅವಧಿ ಸಾಲವಾಗಿ ಬದಲಿಸಿ ಮುಂದೆ ಹಾಕಲು ಬ್ಯಾಂಕುಗಳಿಗೆ ಅವಕಾಶವಿದೆ. ರಿಸರ್ವ್ ಬ್ಯಾಂಕಿನ 2018ರ ಮಾರ್ಗಸೂಚಿಯಲ್ಲಿ ಬೆಳೆಹಾನಿ ಶೇ 33ರಿಂದ 50ರವರೆಗೆ ಇದ್ದರೆ ಗರಿಷ್ಠ 2 ವರ್ಷ, ಶೇ 50 ಅಥವಾ ಹೆಚ್ಚಿದ್ದರೆ ಗರಿಷ್ಠ 5 ವರ್ಷದ ಅವಧಿ ಹೇಳಿದೆ. ಹೀಗೆ ಬದಲಿಸಿದ ಸಾಲ ಬಾಕಿ ಎಂದು ತೋರುವುದಿಲ್ಲ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರದ ಪಟ್ಟಿಯಲ್ಲಿದ್ದವು. ನಮ್ಮವರಲ್ಲಿ ಹೆಚ್ಚಿನವರು ಬೆಳೆ ಪರಿಹಾರ ಎಂದು ಬರುತ್ತದೆ ಎಂದು ಕೇಳಿದರೇ ಹೊರತು, ಬ್ಯಾಂಕಿಗೆ ಹೋಗಿ ಸಾಲ ಮುಂದೆ ಹಾಕಿರಿ ಎಂದು ಅರ್ಜಿ ಕೊಟ್ಟವರು ಕಡಿಮೆ. ಇಂಥ ವರ್ಷ ಮತ್ತೆ ಬಂದರೆ ಇದನ್ನು ಲಿಖಿತದಲ್ಲಿ ಕೇಳಿ.

ಟ್ರ್ಯಾಕ್ಟರ್, ಪಂಪ್‌ಸೆಟ್ ಸಾಲ ತೆಗೆಯುವಾಗಲೂ ಕಂತಿನ ತಿಂಗಳು ಮೊದಲೇ ಮಾತಾಡಿಕೊಳ್ಳಬೇಕು. ಕುಂದಗೋಳದ ಮೆಣಸಿನಕಾಯಿಯವರಿಗೆ ಕೈಯಲ್ಲಿ ದುಡ್ಡು ಬರುವ ಕಾಲ ಬೇರೆ, ಕಲಘಟಗಿಯ ಗೋವಿನಜೋಳದವರಿಗೆ ಬೇರೆ. ಆರು ತಿಂಗಳ ಕಂತನ್ನು ಮಾಲು ಮಾರಿದ ಮೇಲಿನ ತಿಂಗಳಿಗೆ ಹಚ್ಚಿಸಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ.

ಮೂರನೆಯದು ‘ಸೆಟಲ್‌ಮೆಂಟ್’. ಇದನ್ನು ನಮ್ಮವರು ಸರಿಯಾಗಿ ತಿಳಿದುಕೊಂಡಿಲ್ಲ. 2,40,000 ಬಾಕಿ ಇದ್ದಾಗ ಬ್ಯಾಂಕಿನವರು ‘ಒಂದೇ ಗಂಟಿಗೆ 1,50,000 ಕಟ್ಟಿ, ಮುಗಿಸೋಣ’ ಎಂದು ಕರೆದರು ಎನ್ನೋಣ. ಕಟ್ಟಿ ಬಂದವರು 90,000 ಉಳಿಸಿದೆ ಎಂದು ಸಂತೋಷಪಡುತ್ತಾರೆ. ವರದಿಯಲ್ಲಿ ಮಾತ್ರ ಆ ಖಾತೆ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಮುಂದೆ ನೋಡುವ ಬ್ಯಾಂಕಿನವರಿಗೆ ಅದರ ಅರ್ಥ, ಇವರು ಪೂರ್ತಿ ಕೊಡಲಿಲ್ಲ ಎಂದು. ‘ರಿಟನ್ ಆಫ್’ ಎಂಬುದು ಇನ್ನೂ ಕೆಟ್ಟದು. ಬ್ಯಾಂಕು ತನ್ನ ಲೆಕ್ಕದಲ್ಲಿ ಬರೆದು ಹಾಕಿದೆ ಎಂದರೆ ನಿಮಗೆ ಬಿಟ್ಟಿದೆ ಎಂದಲ್ಲ, ವಸೂಲಿಗೆ ಬರಲು ಅದಕ್ಕೆ ಹಕ್ಕು ಇದ್ದೇ ಇರುತ್ತದೆ.

ಮನೆಯಲ್ಲಿ ಆಸ್ಪತ್ರೆ ಖರ್ಚು, ಸಾವುನೋವು ಆಗಿ ನಿಜವಾಗಿಯೂ ಶಕ್ತಿ ಇಲ್ಲದವರು ಸೆಟಲ್‌ಮೆಂಟ್ ಮಾಡಿಕೊಳ್ಳುವುದೇ ಲೇಸು, ಬಾಕಿ ಬೆಳೆಯುತ್ತ ಹೋಗುವುದಕ್ಕಿಂತ ಅದು ಮೇಲು. ಈಗ ಕೈ ಸುಧಾರಿಸಿದ್ದರೆ ಅದೇ ಶಾಖೆಗೆ ಹೋಗಿ, ಉಳಿದ ಮೊತ್ತ ತುಂಬುತ್ತೇನೆ, ಖಾತೆಯನ್ನು ‘ಕ್ಲೋಸ್ಡ್’ ಎಂದು ಬದಲಿಸಿ ಕೊಡಿ ಎಂದು ಅರ್ಜಿ ಕೊಡಿ. ಬ್ಯಾಂಕು ಒಪ್ಪುತ್ತದೆ ಎಂಬ ಮಾತನ್ನು ಬರಹದಲ್ಲಿ ಪಡೆದ ಮೇಲೆಯೇ ಹಣ ಕಟ್ಟಿ. ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಂಡು ಉತಾರ, ಖರೀದಿ ಪತ್ರದ ಜೊತೆ ಟ್ರಂಕಿನಲ್ಲಿ ಇಡಿ. ಆಸ್ತಿ ಒತ್ತೆ ಇಟ್ಟಿದ್ದರೆ, ಪೂರ್ತಿ ಸಾಲ ತೀರಿದ 30 ದಿನದೊಳಗೆ ಮೂಲ ಕಾಗದ ವಾಪಸು ಕೊಡಬೇಕು. 2023ರ ಡಿಸೆಂಬರ್‌ನಿಂದ ಈ ನಿಯಮ ಇದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಬ್ಯಾಂಕೇ ಕೊಡಬೇಕು.

ಉಳಿದ ಕಾರಣಗಳು ಸಣ್ಣವು, ಆದರೆ ಸಂಖ್ಯೆಯಲ್ಲಿ ಹೆಚ್ಚು. ಮೊಬೈಲ್ ಕಂತಿನಲ್ಲಿ ತೆಗೆದು ಕೊನೆಯ ಎರಡು ಕಂತು ಮರೆತದ್ದು. ಬಂಗಾರದ ಸಾಲಕ್ಕೆ ಬಡ್ಡಿ ಕಟ್ಟದೆ ಹರಾಜಿಗೆ ಹೋದದ್ದು. ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ 500 ಉಳಿದು ಬಡ್ಡಿ ಸೇರಿ ಬೆಳೆದದ್ದು. ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಗುಂಪಿನ ಸಾಲ ಇದ್ದರೆ ಅದೂ ವರದಿಯಲ್ಲಿ ಬರುತ್ತದೆ. ಕಿರುಸಾಲದವರ ಕಿರುಕುಳ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿತು. ಅದರಿಂದ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳ ಸಾಲ ಮನ್ನಾ ಆಗಿದೆ ಎಂದು ಕೆಲವರು ಹಬ್ಬಿಸಿದರು, ಅದು ಸುಳ್ಳು.

ವರದಿಯಲ್ಲಿ ತಪ್ಪು ಇದ್ದರೆ

ನಮ್ಮ ಸಮಾಜದಲ್ಲಿ ಹೆಸರುಗಳದೇ ಒಂದು ಸಮಸ್ಯೆ. ಬಾಹುಬಲಿ, ಭರತೇಶ, ಪದ್ಮರಾಜ, ಮಹಾವೀರ ಎಂಬ ಹೆಸರುಗಳು ಊರಿಗೆ ನಾಲ್ಕು ಇರುತ್ತವೆ. ತಂದೆಯ ಹೆಸರು, ಅಡ್ಡಹೆಸರು ಸಹ ಒಂದೇ ಇರುವುದುಂಟು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಹಳೆಯ ಸಾಲದಲ್ಲಿ ಪ್ಯಾನ್ ನಂಬರು ಇಲ್ಲದಿದ್ದರೆ ಅಥವಾ ತಪ್ಪಾಗಿ ಬರೆದಿದ್ದರೆ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರಿಬಿಡುತ್ತದೆ. ಆಧಾರ್, ಪ್ಯಾನ್, ಉತಾರ ಮೂರರಲ್ಲೂ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ಇದಕ್ಕಾಗಿಯೇ.

ತಪ್ಪು ಕಂಡರೆ ಆ ಕಂಪನಿಯ ವೆಬ್‌ಸೈಟಿನಲ್ಲಿಯೇ ತಕರಾರು ದಾಖಲಿಸಬಹುದು, ಇದಕ್ಕೆ ಶುಲ್ಕವಿಲ್ಲ. ಸಿಬಿಲ್ ತಾನಾಗಿ ಏನನ್ನೂ ತಿದ್ದುವುದಿಲ್ಲ, ಬ್ಯಾಂಕನ್ನು ಕೇಳಿ ಬ್ಯಾಂಕು ಹೌದು ಎಂದರೆ ತಿದ್ದುತ್ತದೆ. ಆದ್ದರಿಂದ ಅದೇ ದಿನ ಶಾಖೆಗೂ ಒಂದು ಅರ್ಜಿ ಕೊಟ್ಟು, ಶಿಕ್ಕಾ ಹೊಡೆಸಿದ ನಕಲು ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಆ ಮ್ಯಾನೇಜರರ ಬದಲಿ ಆದ ದಿನ ವಿಷಯ ಮುಗಿದಂತೆ. 30 ದಿನದೊಳಗೆ ತೀರ್ಮಾನ ಆಗಬೇಕು. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿ, 2024ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ಈ ನಿಯಮವನ್ನು ಅರ್ಜಿಯಲ್ಲಿ ಒಂದು ಸಾಲು ಬರೆದರೆ ಕೆಲಸ ಬೇಗ ಆಗುತ್ತದೆ.

ಬಾಕಿ ತುಂಬಿದ ಮೇಲೆ ಅಂಕ ಏರಲು ಎಷ್ಟು ದಿನ

ಮೊದಲು ಬ್ಯಾಂಕುಗಳು ತಿಂಗಳಿಗೊಮ್ಮೆ ಮಾಹಿತಿ ಕಳಿಸುತ್ತಿದ್ದವು. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು. ಹೀಗಾಗಿ ತುಂಬಿದ ಬಾಕಿ ತಿಂಗಳೊಳಗೆ ವರದಿಯಲ್ಲಿ ಸರಿಯಾಗಿ ಕಾಣುತ್ತದೆ. ಅಂಕ ಮಾತ್ರ ಅಷ್ಟು ಬೇಗ ಏರುವುದಿಲ್ಲ. ಸಣ್ಣ ತಡವಾಗಿದ್ದರೆ ಆರು ತಿಂಗಳು ಕಂತು ಸರಿಯಾಗಿ ಹೋದರೆ ಫರಕು ಕಾಣುತ್ತದೆ, ಎನ್‌ಪಿಎ ಆಗಿದ್ದರೆ ವರ್ಷ, ಎರಡು ವರ್ಷ ತಾಳಬೇಕು. ಮುಂದಿನ ಮುಂಗಾರಿಗೆ ಸಾಲ ಬೇಕೆನ್ನುವವರು ಈ ದೀಪಾವಳಿಯ ಹೊತ್ತಿಗೇ ವರದಿ ತೆಗೆದು ಕೆಲಸ ಶುರು ಮಾಡಬೇಕು.

ಎಲ್ಲ ಬಾಕಿ ಒಮ್ಮೆಗೆ ತೀರಿಸಲು ಆಗದವರು ಈಗ ವಾಯಿದೆ ಮೀರಿರುವುದನ್ನು ಮೊದಲು ತುಂಬಬೇಕು, ಅದರಲ್ಲೂ ಸಣ್ಣ ಸಣ್ಣ ಬಾಕಿಗಳನ್ನು. ನಾಲ್ಕು ಬಾಕಿ ಖಾತೆ ಇದ್ದದ್ದು ಒಂದಕ್ಕೆ ಇಳಿದರೆ ಬ್ಯಾಂಕಿನವರ ಜೊತೆ ಮಾತಾಡಲು ಧೈರ್ಯ ಬರುತ್ತದೆ. ಕ್ರೆಡಿಟ್ ಕಾರ್ಡು ಇದ್ದವರು ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಳಸದಿರುವುದು ಒಳ್ಳೆಯದು. 50,000 ಮಿತಿ ಇದ್ದರೆ 15,000ಕ್ಕೆ ನಿಲ್ಲಿಸಿ. ‘ಮಿನಿಮಮ್ ಡ್ಯೂ’ ಕಟ್ಟಿದರೆ ಸಾಕು ಎಂದು ತಿಳಿದವರು ಉಳಿದ ಹಣಕ್ಕೆ ಕಟ್ಟುವ ಬಡ್ಡಿಯನ್ನು ಒಮ್ಮೆ ಬಿಲ್ಲಿನಲ್ಲಿ ಓದಿ ನೋಡಬೇಕು, ಹಳೆಯ ಕೈಗಡದ ಸಾಹುಕಾರರೂ ಅಷ್ಟು ಕೇಳುತ್ತಿರಲಿಲ್ಲ.

ಸಾಲವನ್ನೇ ತೆಗೆಯದವರಿಗೆ ಇನ್ನೊಂದು ತೊಂದರೆ. ನಗದಿನಲ್ಲೇ ವ್ಯಾಪಾರ ಮಾಡಿ ಯಾರಿಗೂ ಒಂದು ಪೈಸೆ ಬಾಕಿ ಇಡದವರ ವರದಿಯಲ್ಲಿ ಅಂಕದ ಜಾಗದಲ್ಲಿ ‘-1’ ಅಥವಾ ‘ಎನ್‌ಎಚ್’ ಎಂದಿರುತ್ತದೆ, ಅಂದರೆ ಇತಿಹಾಸ ಇಲ್ಲ. ಋಣವಿಲ್ಲದವನಿಗೆ ಪತ್ತಿಲ್ಲ ಎಂಬ ಈ ಲೆಕ್ಕ ಕೇಳಿದ್ದರೆ ನಮ್ಮ ಹಿರಿಯರು ನಗುತ್ತಿದ್ದರು. ಆದರೆ ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕಿನ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಅಂಥವರು ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಪಾಸ್‌ಬುಕ್ಕು ತೋರಿಸಿ ಕೇಳಬೇಕು. ತಮ್ಮದೇ ಠೇವಣಿಯ ಮೇಲೆ ಒಂದು ಸಣ್ಣ ಸಾಲ ಅಥವಾ ಕಾರ್ಡು ತೆಗೆದು ವರ್ಷ ನಡೆಸಿದರೆ ಇತಿಹಾಸ ಹುಟ್ಟುತ್ತದೆ. ಸೊಸೈಟಿಯಲ್ಲಿ ಹತ್ತು ವರ್ಷ ಸರಿಯಾಗಿ ತುಂಬಿದ ಲೆಕ್ಕ ಎಲ್ಲ ಕಡೆ ಸಿಬಿಲ್‌ಗೆ ಹೋಗಿರುವುದಿಲ್ಲ. ಅದಕ್ಕೆ ಕಾರ್ಯದರ್ಶಿಯಿಂದ ಲೆಕ್ಕದ ಉತಾರೆ ತೆಗೆಸಿ ಅರ್ಜಿಯ ಜೊತೆ ಲಗತ್ತಿಸಿ. ಕೃಷಿ ಸಾಲಕ್ಕೆ 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ ಎಂಬುದನ್ನೂ ಗಮನಿಸಿ.

ಮಕ್ಕಳ ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಹ ಅರ್ಜಿದಾರರಾಗಿರುವುದರಿಂದ ಬ್ಯಾಂಕು ಅವರ ವರದಿಯನ್ನೂ ನೋಡುತ್ತದೆ. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕ ವಾರದಲ್ಲಿ ತಂದೆಯ ಹಳೆಯ ಜಾಮೀನು ಹೊರಗೆ ಬಂದರೆ ಯಾರೇನು ಮಾಡಲು ಬರುತ್ತದೆ? ಮಕ್ಕಳು ಪಿಯುಸಿ ಮೊದಲ ವರ್ಷದಲ್ಲಿದ್ದಾಗಲೇ ತಂದೆತಾಯಿ ಇಬ್ಬರ ವರದಿಯನ್ನೂ ನೋಡಿಡಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಯೋಜನೆಗಳಿಗೆ ಜೈನರೂ ಅರ್ಹರು. ಆದರೆ ಸಹಾಯಧನ ನಿಗಮದ್ದು, ಸಾಲ ಬ್ಯಾಂಕಿನದು ಎಂಬ ಯೋಜನೆಗಳಲ್ಲಿ ಬ್ಯಾಂಕು ಸಿಬಿಲ್ ನೋಡಿಯೇ ನೋಡುತ್ತದೆ.

ಹುಬ್ಬಳ್ಳಿಯಲ್ಲಿಯೂ ಫೋನಿನಲ್ಲಿಯೂ ‘ಐದು ಸಾವಿರ ಕೊಡಿ, ವಾರದಲ್ಲಿ ಸಿಬಿಲ್ 800 ಮಾಡಿಕೊಡುತ್ತೇವೆ’ ಎನ್ನುವವರು ಸಿಗುತ್ತಾರೆ. ನಿಜವಾದ ಬಾಕಿಯನ್ನು ವರದಿಯಿಂದ ಅಳಿಸುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ತಪ್ಪು ಬಾಕಿಯಾಗಿದ್ದರೆ ಅದನ್ನು ಬಿಟ್ಟಿಯಾಗಿ ನೀವೇ ತೆಗೆಸಬಹುದು. ಅವರಿಗೆ ಪ್ಯಾನ್, ಆಧಾರ್, ಒಟಿಪಿ ಕೊಟ್ಟರೆ ನಿಮ್ಮ ಹೆಸರಿನಲ್ಲಿ ಹೊಸ ಸಾಲ ಏಳುವ ಅಪಾಯ ಬೇರೆ. ನಿಮ್ಮ ವರದಿಯನ್ನು ಯಾರಾದರೂ ತೆಗೆಸಿದರೆ ಈಗ ಮೊಬೈಲಿಗೆ ಸಂದೇಶ ಬರಬೇಕು. ನೀವು ಅರ್ಜಿ ಹಾಕದೆ ಅಂಥ ಸಂದೇಶ ಬಂದರೆ ಕೂಡಲೇ ವಿಚಾರಿಸಿ.

ಬ್ಯಾಂಕು ಅಥವಾ ಸಿಬಿಲ್ ಕಂಪನಿ 30 ದಿನವಾದರೂ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಎನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಾಲ ಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಈ ವ್ಯವಸ್ಥೆಯೊಳಗೆ ಬಂದಿವೆ. ವಕೀಲರು ಬೇಡ, ಶುಲ್ಕವಿಲ್ಲ. 14448 ನಂಬರಿಗೆ ಫೋನ್ ಮಾಡಿದರೆ ದೂರು ಕೊಡುವ ರೀತಿ ಹೇಳುತ್ತಾರೆ. ಶಿಕ್ಕಾ ಹೊಡೆಸಿದ ಅರ್ಜಿಯ ನಕಲು, ತಕರಾರಿನ ನಂಬರು, ವರದಿಯ ಆ ಪುಟ ಇವಿಷ್ಟು ಜೋಡಿಸಿ ಕಳಿಸಬೇಕು. ಹಳ್ಳಿಯ ಸೊಸೈಟಿ, ಸೌಹಾರ್ದ ಸಹಕಾರಿಗಳ ವಿಷಯವಾದರೆ ಅಲ್ಲಿ ನಡೆಯುವುದಿಲ್ಲ, ಸಹಕಾರ ಇಲಾಖೆಗೆ ಬರೆಯಬೇಕು.